ಬನವಾಸಿ ಸೀಮೆಯೂ ಪರದೇಶದ ವಿದ್ಯಾರ್ಥಿಯೂ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ತಾಳಗುಂದವೆಂಬ ಗ್ರಾಮದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿಗೆ, ಒಂದು ಶಿಲಾಸ್ತಂಭವಿದೆ. ಅದರ ಮೇಲಣ ಸಂಸ್ಕೃತ ಶಾಸನವನ್ನು ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಎಪಿಗ್ರಾಫಿಯಾ ಕರ್ಣಾಟಿಕಾ ಗ್ರಂಥಮಾಲೆಯ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು; ತರುವಾಯ ಕೀಲ್‌ಹಾರ್ನ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಅದನ್ನು ಪರಿಷ್ಕರಿಸಿ ಭಾಷಾಂತರದೊಡನೆ ಹೊರತಂದರು. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನು ಕಾಂಚಿಯಲ್ಲಿ ಅವಮಾನಿತನಾಗಿ ಖಡ್ಗವನ್ನು ಹಿಡಿದನೆಂಬ ವೃತ್ತಾಂತಕ್ಕೆ ಈ ಶಾಸನವೇ ಆಧಾರ. ಈ ಕಥೆಯನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಅದನ್ನು ರಾಜ್ಯಸ್ಥಾಪನೆಯ ಕಥೆಯಾಗಿ ಓದುವ ಅಭ್ಯಾಸದಿಂದ, ಆ ಘಟನೆ ನಡೆದಾಗ ಮಯೂರಶರ್ಮನು ರಾಜನೂ ಅಲ್ಲ, ಯೋಧನೂ ಅಲ್ಲ, ಅನ್ಯರಾಜನ ಪಟ್ಟಣದಲ್ಲಿ ಓದಲು ಬಂದಿದ್ದ ಒಬ್ಬ ವಿದ್ಯಾರ್ಥಿಯೆಂಬ ಅಂಶವು ಮರೆಯಲ್ಲಿ ಉಳಿಯುತ್ತದೆ. ಕನ್ನಡ ನಾಡಿನ ಒಬ್ಬ ಪರದೇಶವಾಸಿ ವಿದ್ಯಾರ್ಥಿಯ ಸ್ಥಿತಿಗತಿಯನ್ನು ಹೇಳುವ ಅತಿ ಪ್ರಾಚೀನ ಲೇಖನಗಳಲ್ಲಿ ಇದೊಂದು. ಮಯೂರಶರ್ಮನ ವಂಶದ ರಾಜಧಾನಿಯಾದ ಬನವಾಸಿಯು ಇಂದಿನ ಶಿರಸಿ ತಾಲ್ಲೂಕಿನಲ್ಲಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಈ ಅರಣ್ಯಸೀಮೆಯು ಪರದೇಶಕ್ಕೆ ವಿದ್ಯಾರ್ಥಿಗಳನ್ನು ಕಳುಹಿಸಿದುದೂ ಉಂಟು, ಪರದೇಶದ ವಿದ್ಯಾರ್ಥಿಗಳನ್ನು ಬರಮಾಡಿಕೊಂಡುದೂ ಉಂಟು.

ಶಾಸನದ ಸಂಗತಿ ಹೀಗಿದೆ. ಮಾನವ್ಯಗೋತ್ರದ, ಹಾರಿತೀಪುತ್ರರೆನಿಸಿದ ಬ್ರಾಹ್ಮಣಕುಲವೊಂದು ತನ್ನ ಮನೆಯ ಸಮೀಪದಲ್ಲಿ ಬೆಳೆದಿದ್ದ ಕದಂಬವೃಕ್ಷದಿಂದ ತನ್ನ ಹೆಸರನ್ನು ಪಡೆಯಿತು. ಆ ಕುಲದಲ್ಲಿ ಹುಟ್ಟಿದ ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಪಲ್ಲವರ ರಾಜಧಾನಿಗೆ ಹೋಗಿ, ವೇದಪ್ರವಚನವನ್ನು ಸಮಗ್ರವಾಗಿ ಅಧ್ಯಯನ ಮಾಡಬೇಕೆಂಬ ಇಚ್ಛೆಯಿಂದ ಅಲ್ಲಿಯ ಘಟಿಕೆಯನ್ನು ಪ್ರವೇಶಿಸಿದನು. ಅಲ್ಲಿ ಪಲ್ಲವರ ‘ಅಶ್ವಸಂಸ್ಥ’ದೊಡನೆ ಅವನಿಗೆ ತೀವ್ರವಾದ ಕಲಹವುಂಟಾಯಿತು. ಕುಪಿತನಾದ ಅವನು ಖಡ್ಗವನ್ನು ಹಿಡಿದು, ಪಲ್ಲವರ ಅಂತಪಾಲರನ್ನು, ಎಂದರೆ ಗಡಿಯ ಕಾವಲಿನ ಅಧಿಕಾರಿಗಳನ್ನು, ಸೋಲಿಸಿ, ಶ್ರೀಪರ್ವತದ ಬಾಗಿಲವರೆಗೂ ಹಬ್ಬಿದ್ದ ದುರ್ಗಮವಾದ ಕಾಡನ್ನು ಆಕ್ರಮಿಸಿದನು. ಬೃಹದ್ಬಾಣ ಮೊದಲಾದ ಅರಸರಿಂದ ಕಪ್ಪವನ್ನು ವಸೂಲುಮಾಡಿದನು. ಕೊನೆಗೆ ಪಲ್ಲವರೇ ಅವನೊಡನೆ ಸಖ್ಯವನ್ನು ಬೆಳೆಸಿ, ಪಟ್ಟವನ್ನು ಕಟ್ಟಿ, ಪಶ್ಚಿಮ ಸಮುದ್ರದಿಂದ ಪ್ರೇಹರಾ ನದಿಯವರೆಗಿನ ಪ್ರದೇಶವನ್ನು ಅವನದೆಂದು ಒಪ್ಪಿದರು. ಇದು ನಡೆದುದು ನಾಲ್ಕನೆಯ ಶತಮಾನದ ಮಧ್ಯಭಾಗದಲ್ಲೆಂದು ವಿದ್ವಾಂಸರ ಸಾಮಾನ್ಯಾಭಿಪ್ರಾಯ.

ಈ ಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ರಚಿಸಿದುದು ಮಯೂರಶರ್ಮನ ಸಂತತಿಯವನಾದ ಶಾಂತಿವರ್ಮನ ಆಳಿಕೆಯಲ್ಲಿ, ಎಂದರೆ ಸುಮಾರು ಒಂದು ಶತಮಾನದ ತರುವಾಯ. ಆಸ್ಥಾನಕವಿಯ ಮಾತನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಆದರೂ ಒಂದು ವಿಚಾರವನ್ನು ನೆನೆಯಬೇಕು. ರಾಜವಂಶಗಳು ತಮ್ಮ ಮೂಲವನ್ನು ಹೇಳಿಕೊಳ್ಳುವಾಗ ಸೂರ್ಯನನ್ನೋ ಚಂದ್ರನನ್ನೋ ಹಿಡಿಯುವುದು ವಾಡಿಕೆ. ಹೀಗಿರಲು, ಪ್ರಬಲನಾದ ಕಾಕುಸ್ಥವರ್ಮನ ಮಗನ ಸಭೆಯಲ್ಲಿ, ತಮ್ಮ ಮೂಲಪುರುಷನು ಬೇರೊಂದು ನಾಡಿನಲ್ಲಿ ಓದಲು ಹೋಗಿ ಪೆಟ್ಟು ತಿಂದನೆಂದು ಒಪ್ಪಿಕೊಳ್ಳುವ ಪದ್ಯಗಳನ್ನು ಕಲ್ಲಿನಲ್ಲಿ ಕೊರೆಯಿಸಿದರೆಂದರೆ, ಆ ನೆನಪು ವಂಶದಲ್ಲಿ ಹುಸಿಯಾಗಿ ಉಳಿದಿರಲಾರದು. ಹೊಗಳಿಕೆಗಾಗಿ ಕಟ್ಟಿದ ಕಥೆಯು ಇಷ್ಟು ಮುಜುಗರದ್ದಾಗಿರುವುದಿಲ್ಲ.

ವೀರಶರ್ಮನ ವಿಷಯವಾಗಿ ಇಲ್ಲಿ ಒಂದು ಮಾತನ್ನು ಹೇಳಬೇಕು. ಬನವಾಸಿಗೆ ಸಮೀಪದ ಗುಡ್ನಾಪುರದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೊರೆತ ರವಿವರ್ಮನ ಶಾಸನದಿಂದ, ವೀರಶರ್ಮನು ಮಯೂರಶರ್ಮನ ಗುರು ಮಾತ್ರವಲ್ಲದೆ ಪಿತಾಮಹನೂ ಆಗಿದ್ದನೆಂದೂ, ತಂದೆಯ ಹೆಸರು ಬಂಧುಷೇಣನೆಂದೂ ತಿಳಿದುಬಂದಿತು. ಇದರಿಂದ ತಾಳಗುಂದದ ಪದ್ಯಕ್ಕೆ ಹೊಸ ಬೆಳಕು ಬರುತ್ತದೆ. ಮನೆಯಲ್ಲಿಯೇ ವೇದವನ್ನು ಹೇಳಿಕೊಡಬಲ್ಲ ಅಜ್ಜನಿದ್ದೂ, ಆ ಅಜ್ಜನೇ ಮೊಮ್ಮಗನ ಕೈಹಿಡಿದು ನೇರದ ಅಳತೆಯಲ್ಲಿಯೇ ಸುಮಾರು ೫೦೦ ಕಿಲೋಮೀಟರು ದೂರದ ಊರಿಗೆ ಹೊರಟನು. ತನಗೆ ತಿಳಿದುದರ ಎಲ್ಲೆಯನ್ನು ಬಲ್ಲ ಗುರುವಿನ ನಡೆ ಇದು. ಘಟಿಕೆಯ ವಿದ್ವಜ್ಜನರ ಮುಂದೆ ಹುಡುಗನ ಕುಲವನ್ನೂ ಯೋಗ್ಯತೆಯನ್ನೂ ಹೇಳಿ ಒಪ್ಪಿಸಲು ಹಿರಿಯನೊಬ್ಬನು ಬೇಕಾಗಿದ್ದನೆಂದು ಊಹಿಸಿದರೂ ತಪ್ಪಾಗಲಾರದು.

ಆ ಕಾಲದ ತಾಳಗುಂದದವನಿಗೆ ಕಾಂಚಿಯು ಎಷ್ಟರಮಟ್ಟಿಗೆ ಪರದೇಶ? ಈ ಪ್ರಶ್ನೆ ಸುಲಭವಾದುದಲ್ಲ. ಬಳ್ಳಾರಿಯ ಸೀಮೆಯ ಹಿರೇಹಡಗಲಿಯಲ್ಲಿ ದೊರೆತ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನವು ಕಾಂಚೀಪುರದಿಂದ ಹೊರಟ ಆಜ್ಞೆ. ಆದಕಾರಣ ಪಲ್ಲವರ ಅಧಿಕಾರವು ಕನ್ನಡ ನಾಡಿನ ಪೂರ್ವಭಾಗಕ್ಕೆ ಹಬ್ಬಿತ್ತೆಂಬುದು ನಿಶ್ಚಿತ. ಭಾಷೆಯ ವಿಷಯದಲ್ಲಿಯೂ ವಿದ್ಯಾವಂತನಿಗೆ ಎರಡು ನಾಡುಗಳ ನಡುವೆ ಸೇತುವೆಯಿತ್ತು. ಮಳವಳ್ಳಿ ಚಂದ್ರವಳ್ಳಿಗಳ ಶಾಸನಗಳು ಪ್ರಾಕೃತದಲ್ಲಿವೆ; ಪಲ್ಲವರ ಮೊದಲ ದಾನಪತ್ರಗಳೂ ಪ್ರಾಕೃತದಲ್ಲಿವೆ. ಘಟಿಕೆಯ ವಿದ್ಯೆ ಸಂಸ್ಕೃತದಲ್ಲಿತ್ತು. ಬೀದಿಯ ಮಾತು ಮಾತ್ರ ಬೇರೆ, ಅದು ತಮಿಳು. ಕಾಂಚಿಯು ವೈದಿಕರದಷ್ಟೇ ಆಗಿರಲಿಲ್ಲ. ಆ ನಾಡಿನಲ್ಲಿ ಜೈನರು ನೆಲೆಸಿ ಗ್ರಂಥಗಳನ್ನು ಬರೆದರು. ಕಾಂಚಿಯ ಸಿಂಹವರ್ಮನ ೨೨ನೆಯ ಆಳಿಕೆಯ ವರ್ಷವೂ ಶಕ ೩೮೦ನೆಯ ವರ್ಷವೂ ಒಂದೇ ಎಂದು ತೋರಿಸಿ ಪಲ್ಲವರ ಕಾಲಗಣನೆಗೆ ಆಧಾರವಾದುದು ಜೈನರ ಲೋಕವಿಭಾಗವೆಂಬ ಗ್ರಂಥವೇ. ಬೌದ್ಧ ತರ್ಕಶಾಸ್ತ್ರಕ್ಕೆ ತಳಹದಿಯನ್ನು ಹಾಕಿದ ದಿಙ್ನಾಗನೂ ಈ ಪಟ್ಟಣದ ಸಮೀಪದಲ್ಲಿಯೇ ಹುಟ್ಟಿದನೆಂದು ಟಿಬೆಟಿನ ಪರಂಪರೆ ಹೇಳುತ್ತದೆ. ಇಂತಹ ಪಟ್ಟಣದಲ್ಲಿ ಹೊರನಾಡಿನ ವಿದ್ಯಾರ್ಥಿಯು ಘಟಿಕೆಯ ಒಳಗೆ ಅನ್ಯನಾಗಿರಬೇಕಾದುದಿಲ್ಲ. ಅದರ ಹೊಸ್ತಿಲನ್ನು ದಾಟಿದೊಡನೆ ಅನ್ಯನಾಗುತ್ತಿದ್ದನು.

ಕಲಹವು ಹುಟ್ಟಿದುದೂ ಆ ಹೊಸ್ತಿಲಿನ ಹೊರಗೆಯೇ ಎಂದು ತೋರುತ್ತದೆ. ‘ಅಶ್ವಸಂಸ್ಥ’ವೆಂಬ ಶಬ್ದಕ್ಕೆ ಕೀಲ್‌ಹಾರ್ನರು ಕುದುರೆಯ ಸವಾರನೆಂದು ಅರ್ಥಮಾಡಿದರು. ಅದು ಅಶ್ವಮೇಧಕ್ಕೆ ಸಂಬಂಧಿಸಿದ ಸ್ಥಳವೆಂದು ಹೇಳುವವರೂ ಇದ್ದಾರೆ. ಯಾವ ಅರ್ಥವನ್ನು ಹಿಡಿದರೂ ಎದುರಿಗಿದ್ದವರು ಸಹಪಾಠಿಗಳಲ್ಲ, ಅಧ್ಯಾಪಕರಲ್ಲ, ರಾಜನ ಆಳುಗಳು. ಶಾಸನವು ಕಲಹದ ಕಾರಣವನ್ನು ವಿವರಿಸದೆ ಮಯೂರಶರ್ಮನ ಮನಸ್ಸಿನಲ್ಲಿ ಎದ್ದ ವಿಚಾರವನ್ನು ವಿವರಿಸುತ್ತದೆ. ಈ ಭಾಗವೇ ಇಡೀ ಲೇಖನದ ಜೀವಾಳ. ಕಲಿಯುಗದಲ್ಲಿ ಬ್ರಾಹ್ಮಣರು ಕ್ಷತ್ರಿಯರ ಮುಂದೆ ದುರ್ಬಲರಾದರಲ್ಲಾ ಎಂದು ಅವನು ಮೊದಲು ಮರುಗುತ್ತಾನೆ. ಇಷ್ಟರಲ್ಲಿಯೇ ನಿಂತಿದ್ದರೆ ಅದು ವರ್ಣಾಭಿಮಾನದ ಮಾತಾಗುತ್ತಿತ್ತು. ಆದರೆ ಅವನು ಮುಂದುವರಿದು, ಗುರುಕುಲವನ್ನು ಸರಿಯಾಗಿ ಸೇವಿಸಿ, ತನ್ನ ಶಾಖೆಯನ್ನು ಶ್ರಮದಿಂದ ಓದಿದವನಿಗೂ ವಿದ್ಯೆಯ ಸಿದ್ಧಿಯು ಅರಸನ ಅಧೀನವಾಗಿರುವುದಾದರೆ ಅದಕ್ಕಿಂತ ದುಃಖಕರವಾದುದು ಯಾವುದೆಂದು ಕೇಳಿಕೊಳ್ಳುತ್ತಾನೆ. ವೈಯಕ್ತಿಕ ಅವಮಾನವು ಇಲ್ಲಿ ನಿಮಿತ್ತಮಾತ್ರ. ಓದುವವನ ಶ್ರಮ ಒಂದು ಕಡೆ. ಆ ಶ್ರಮವು ಫಲಿಸಲು ಬೇಕಾದ ಅನುಮತಿ ಇನ್ನೊಬ್ಬರ ಕೈಯಲ್ಲಿ. ಸ್ವದೇಶದಲ್ಲಿ ಓದುವವನಿಗೆ ಬಂಧುಗಳೂ ಊರಿನವರೂ ಬೆಂಬಲವಾಗಿರುತ್ತಾರೆ. ಪರದೇಶದವನಿಗೆ ಅದು ಇಲ್ಲ.

ಖಡ್ಗವನ್ನು ಹಿಡಿದ ಕೈಯನ್ನು ವರ್ಣಿಸುವಾಗ ಕವಿಯು ಆ ಕೈಗೆ ಅಲ್ಲಿಯವರೆಗೆ ಪರಿಚಿತವಾಗಿದ್ದ ವಸ್ತುಗಳನ್ನು ಹೆಸರಿಸುತ್ತಾನೆ: ದರ್ಭೆ, ಸಮಿತ್ತು, ಕಲ್ಲು, ಸ್ರುಕ್ಕು, ತುಪ್ಪ, ಚರು. ಅಲಂಕಾರಶಾಸ್ತ್ರದ ದೃಷ್ಟಿಯಿಂದ ಇದು ವಿರೋಧದ ಚಮತ್ಕಾರ. ಇತಿಹಾಸದ ದೃಷ್ಟಿಯಿಂದ ನೋಡಿದರೆ ಘಟಿಕೆಯ ವಿದ್ಯಾರ್ಥಿಯ ದಿನಚರಿ ಇದರಲ್ಲಿ ಅಡಗಿದೆ. ಅವನು ಕೇವಲ ಕುಳಿತು ಓದುತ್ತಿರಲಿಲ್ಲ. ಸೌದೆಯನ್ನು ಹೊರುತ್ತಿದ್ದನು, ಅಗ್ನಿಯನ್ನು ಕಾಯುತ್ತಿದ್ದನು, ಹವಿಸ್ಸನ್ನು ಬೇಯಿಸುತ್ತಿದ್ದನು.

ಮಯೂರಶರ್ಮನು ತಿರುಗಿ ಘಟಿಕೆಗೆ ಹೋದನೆಂದು ಶಾಸನವು ಹೇಳುವುದಿಲ್ಲ. ರಾಜ್ಯವು ದೊರೆಯಿತು, ಓದು ನಿಂತಿತು. ಅವನ ಸಂತತಿಯವರು ಶರ್ಮ ಪದವನ್ನು ಬಿಟ್ಟು ವರ್ಮ ಪದವನ್ನು ಧರಿಸಿದರು.

ಕಾಂಚಿಯ ಘಟಿಕೆಯಾದರೂ ಅರಸರ ಕೈಯಿಂದ ಪೂರ್ಣವಾಗಿ ಪಾರಾದುದಲ್ಲ. ಸ್ಕಂದಶಿಷ್ಯನೆಂಬ ಪಲ್ಲವನು ಸತ್ಯಸೇನನೆಂಬ ಅರಸನಿಂದ ಘಟಿಕೆಯನ್ನು ಕಸಿದುಕೊಂಡನೆಂದು ವೇಲೂರ್ಪಾಳೈಯಂ ತಾಮ್ರಶಾಸನ ಹೇಳುತ್ತದೆ. ಎಂಟನೆಯ ಶತಮಾನದ ಹೊತ್ತಿಗೆ ಘಟಿಕೆಯವರ ಗೌರವವು ಬಹಳ ಬೆಳೆದಿತ್ತು. ನಂದಿವರ್ಮ ಪಲ್ಲವಮಲ್ಲನನ್ನು ಸಿಂಹಾಸನಕ್ಕೆ ಆರಿಸಿದವರಲ್ಲಿ ಅವರೂ ಸೇರಿದ್ದರೆಂದು ವೈಕುಂಠ ಪೆರುಮಾಳ್ ದೇವಾಲಯದ ಲೇಖನಗಳು ತಿಳಿಸುತ್ತವೆ. ಅದೇ ಶತಮಾನದಲ್ಲಿ ಬಾದಾಮಿಯ ಚಾಲುಕ್ಯ ಚಕ್ರವರ್ತಿ ಎರಡನೆಯ ವಿಕ್ರಮಾದಿತ್ಯನು ಕಾಂಚಿಯನ್ನು ಗೆದ್ದನು. ಗೆದ್ದವನು ಕೈಲಾಸನಾಥ ದೇವಾಲಯದ ಐಶ್ವರ್ಯವನ್ನು ನೋಡಿ, ಅದನ್ನು ಕೊಳ್ಳೆಹೊಡೆಯದೆ ದೇವರಿಗೇ ಬಿಟ್ಟುಕೊಟ್ಟನು. ಆ ಸಂಗತಿಯನ್ನು ಅಲ್ಲಿಯ ಕಂಬವೊಂದರ ಮೇಲೆ ಕನ್ನಡದಲ್ಲಿಯೇ ಬರೆಯಿಸಿದನು. ತಮಿಳುನಾಡಿನ ರಾಜಧಾನಿಯ ನಡುವೆ ಹಳಗನ್ನಡದ ಲಿಪಿ ಇರುವುದೇ ಒಂದು ವಿಶೇಷ. ಅದಕ್ಕಿಂತ ವಿಶೇಷವಾದುದು ಅದರ ಶಾಪವಾಕ್ಯ. ಈ ಅಕ್ಷರಗಳನ್ನೂ ಅರಸನ ಧರ್ಮವನ್ನೂ ಕೆಡಿಸಿದವರು ಈ ಊರಿನ ಘಟಿಕೆಯ ಮಹಾಜನರನ್ನು ಕೊಂದವರ ಲೋಕಕ್ಕೆ ಸಲ್ಲುವರೆಂದು ಅದು ಹೇಳುತ್ತದೆ. ಶಾಸನಗಳಲ್ಲಿ ವಾರಣಾಸಿಯೂ ಕವಿಲೆಯೂ ಬರುವ ಜಾಗದಲ್ಲಿ ಇಲ್ಲಿ ಘಟಿಕೆಯ ವಿದ್ವಾಂಸರು ಬಂದಿದ್ದಾರೆ. ನಾಲ್ಕು ಶತಮಾನಗಳ ಹಿಂದೆ ಯಾವ ಪಟ್ಟಣದಲ್ಲಿ ಕುಂತಳದ ಒಬ್ಬ ವಿದ್ಯಾರ್ಥಿಯ ಮೇಲೆ ಕೈಮಾಡಲಾಯಿತೋ, ಅದೇ ಪಟ್ಟಣದಲ್ಲಿ, ಕನ್ನಡ ಅರಸನ ಮಾತಿನಲ್ಲಿ, ವಿದ್ಯಾಸ್ಥಾನದವರ ಹತ್ಯೆಯು ಪಾಪಗಳ ಅಳತೆಗೋಲಾಯಿತು. ವಿಕ್ರಮಾದಿತ್ಯನ ಲಿಪಿಕಾರನು ಮಯೂರಶರ್ಮನನ್ನು ನೆನೆದನೆಂದು ಹೇಳಲು ಆಧಾರವಿಲ್ಲ. ಹಾಗೆ ಹೇಳುವ ಉತ್ಸಾಹವನ್ನು ತಡೆಯುವುದು ಯುಕ್ತ.

ಇನ್ನು ಬನವಾಸಿಯು ಅನ್ಯರನ್ನು ಬರಮಾಡಿಕೊಂಡ ಬಗೆ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನನ್ನು ವನವಾಸಕ್ಕೆ ಕಳುಹಿಸಲಾಯಿತೆಂದೂ, ಮುಂದೆ ಸಿಂಹಳದಲ್ಲಿ ಮಹಾಸ್ತೂಪಕ್ಕೆ ಅಡಿಗಲ್ಲನ್ನಿಟ್ಟಾಗ ಚಂದಗುತ್ತ ಥೇರನು ವನವಾಸದಿಂದ ಎಂಬತ್ತು ಸಾವಿರ ಭಿಕ್ಷುಗಳೊಡನೆ ಬಂದನೆಂದೂ ಮಹಾವಂಸವು ಹೇಳುತ್ತದೆ. ಈ ಸಂಖ್ಯೆಯನ್ನು ಎಣಿಸಿ ಬರೆದರೆಂದು ಯಾರೂ ನಂಬಬೇಕಾದುದಿಲ್ಲ. ಹೋಗಿಬರುವ ದಾರಿಯಿತ್ತೆಂಬುದನ್ನು ಮಾತ್ರ ನಂಬಬಹುದು. ನಾಗಾರ್ಜುನಕೊಂಡದ ಶಾಸನವೊಂದು ತಾಮ್ರಪರ್ಣಿಯ ಆಚಾರ್ಯರು ಧರ್ಮಬೋಧೆ ಮಾಡಿದ ದೇಶಗಳಲ್ಲಿ ಕಾಶ್ಮೀರ, ಗಾಂಧಾರ, ಚೀನಗಳೊಡನೆ ವನವಾಸವನ್ನೂ ಹೇಳಿದೆ. ಬನವಾಸಿಯ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಗಳ ನಾಗಶಿಲೆಯ ಪ್ರಾಕೃತ ಶಾಸನವು ಚುಟುಕುಲದ ಸಾತಕರ್ಣಿಯ ಕಾಲದ್ದು. ರಾಜಕುಮಾರಿಯು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ದಾನಮಾಡಿದಳೆಂದು ತಿಳಿಸಿದ ಮೇಲೆ, ಆ ನಾಗನನ್ನು ಕಡೆದವನು ಆಚಾರ್ಯ ದಾಮೋರಕನ ಶಿಷ್ಯನಾದ ನಟಕನೆಂದು ಅದು ಹೇಳುತ್ತದೆ. ವೇದಾಧ್ಯಯನದ ಶಿಷ್ಯರಂತೆಯೇ ಶಿಲ್ಪವಿದ್ಯೆಯ ಶಿಷ್ಯನಿಗೂ ಕಲ್ಲಿನಲ್ಲಿ ಸ್ಥಾನ ದೊರೆತಿರುವುದು ಸಂತೋಷದ ಸಂಗತಿ.

ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾದ ಬಳ್ಳಿಗಾವೆಯಲ್ಲಿ, ತಾಳಗುಂದಕ್ಕೆ ಬಹು ಹತ್ತಿರದಲ್ಲಿಯೇ, ಕೋಡಿಯಮಠವೆಂಬ ಕಾಳಾಮುಖರ ವಿದ್ಯಾಸ್ಥಾನವಿತ್ತು. ೧೧೬೨ರ ಶಾಸನವೊಂದು ಅದನ್ನು ವರ್ಣಿಸುತ್ತದೆ. ನಾಲ್ಕು ವೇದಗಳೂ ಅವುಗಳ ಅಂಗಗಳೂ, ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳೂ, ಷಡ್ದರ್ಶನಗಳೂ ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದುವು. ಶೈವಮಠದಲ್ಲಿ ಜೈನನಾದ ಶಾಕಟಾಯನನ ವ್ಯಾಕರಣವನ್ನು ಹೇಳುತ್ತಿದ್ದರೆಂಬುದನ್ನು ಗಮನಿಸಬೇಕು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಗಾಯಕರಿಗೆ, ಕ್ಷಪಣಕರಿಗೆ, ಏಕದಂಡಿ ತ್ರಿದಂಡಿಗಳಿಗೆ, ನಾನಾದೇಶದ ಭಿಕ್ಷುಕರಿಗೆ ಅಲ್ಲಿ ತಡೆಯಿಲ್ಲದೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವು. ಮಯೂರಶರ್ಮನಿಗೆ ಕಾಂಚಿಯಲ್ಲಿ ದೊರೆಯದಿದ್ದ ಅಭಯವನ್ನು ಅವನ ಹುಟ್ಟೂರಿನ ನೆರೆಯ ಮಠವು ಎಂಟು ನೂರು ವರ್ಷಗಳ ತರುವಾಯ ದಾರಿಹೋಕರಿಗೆಲ್ಲ ಕೊಡುತ್ತಿತ್ತು.

ಮಲೆನಾಡಿನ ಈ ತಾಲ್ಲೂಕುಗಳಲ್ಲಿ ಒಂದೇ ಭಾಷೆ ಎಂದೂ ಇದ್ದಿಲ್ಲ. ಹವ್ಯಕರ ಕನ್ನಡ, ಕೊಂಕಣಿ, ಕುಣಬಿಗಳ ಮರಾಠಿ, ಉರ್ದು ಇವೆಲ್ಲವೂ ಶಿರಸಿಯ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಯಲ್ಲಾಪುರದ ಕಾಡಿನಲ್ಲಿ ಆಫ್ರಿಕಾದಿಂದ ಬಂದವರ ಸಂತತಿಯವರಾದ ಸಿದ್ದಿಗಳು ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ೧೯೫೬ರವರೆಗೆ ಅಲ್ಲಿಯೇ ಉಳಿಯಿತು. ಆ ಅವಧಿಯಲ್ಲಿ ಉಚ್ಚಶಿಕ್ಷಣವನ್ನು ಬಯಸಿದ ಶಿರಸಿ ಸಿದ್ದಾಪುರಗಳ ಹುಡುಗರು ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಕುಳಿತು, ಪುಣೆ ಮುಂಬಯಿಗಳ ಕಡೆಗೆ, ೧೯೧೭ರ ತರುವಾಯ ಧಾರವಾಡದ ಕರ್ನಾಟಕ ಕಾಲೇಜಿಗೂ, ಹೋಗಬೇಕಾಗಿತ್ತು. ಧಾರವಾಡದಲ್ಲಿಯೂ ಮರಾಠಿಯ ಪ್ರಾಬಲ್ಯವು ಎಷ್ಟಿತ್ತೆಂಬುದಕ್ಕೆ ೧೮೯೦ರಲ್ಲಿ ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಬೇಕಾಗಿ ಬಂದುದೇ ಸಾಕ್ಷಿ.

ಬ್ರಿಟಿಷರ ಕಾಲದಲ್ಲಿ ಯಲ್ಲಾಪುರ ತಾಲ್ಲೂಕಿನ ಪೇಟೆಯಾಗಿದ್ದ, ಈಗ ಪ್ರತ್ಯೇಕ ತಾಲ್ಲೂಕಾದ ಮುಂಡಗೋಡಿನಲ್ಲಿ ಈ ಇತಿಹಾಸವು ತಿರುಗಿ ಮೊದಲಾಯಿತು. ೧೯೫೯ರಲ್ಲಿ ಟಿಬೆಟಿನಿಂದ ಹೊರಬಂದ ಭಿಕ್ಷುಗಳಲ್ಲಿ ಸುಮಾರು ೧,೫೦೦ ಜನರು ಬಂಗಾಳದ ಬಕ್ಸಾ ಕೋಟೆಯಲ್ಲಿ ನೆಲೆಸಿ ಓದನ್ನು ಮುಂದುವರಿಸಿದರು. ಅದು ಹಿಂದೆ ಸೆರೆಮನೆಯಾಗಿದ್ದ ಸ್ಥಳ. ಅಲ್ಲಿಯ ಹವೆಗೆ ಅನೇಕರು ಕ್ಷಯಕ್ಕೆ ತುತ್ತಾದರು. ಮುಂಡಗೋಡಿನಲ್ಲಿ ೧೯೬೬ರಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಆರಂಭವಾಗಿತ್ತು. ೧೯೬೯ರಲ್ಲಿ ಬಕ್ಸಾದ ಭಿಕ್ಷುಗಳಲ್ಲಿ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳಿಗೆ ಸೇರಿದವರು ಇಲ್ಲಿಗೆ ಬಂದರು. ಈ ಮಠಗಳು ಲಾಸಾದ ಸಮೀಪದಲ್ಲಿ ಕ್ರಮವಾಗಿ ೧೪೦೯ರಲ್ಲಿಯೂ ೧೪೧೬ರಲ್ಲಿಯೂ ಸ್ಥಾಪಿತವಾದುವು. ಹಿಮದ ನಾಡಿನಿಂದ ಬಂದವರು ಮೊದಲು ಕಾಡನ್ನು ಕಡಿದು, ಮೆಕ್ಕೆಜೋಳವನ್ನು ಬಿತ್ತಿ, ಆಮೇಲೆ ಗ್ರಂಥಗಳನ್ನು ಬಿಚ್ಚಿದರು.

ಡ್ರೆಪುಂಗ್ ಮಠದ ಗೋಮಾಂಗ್ ಶಾಖೆಗೆ ಮಂಗೋಲರೂ ಬುರ್ಯಾತರೂ ಕಲ್ಮಿಕರೂ ಓದಲು ಬರುವುದು ಲಾಸಾದ ಕಾಲದಿಂದ ನಡೆದುಬಂದ ವಾಡಿಕೆ. ಸೋವಿಯತ್ ಆಳಿಕೆಯಲ್ಲಿ ತಡೆದುಹೋಗಿದ್ದ ಆ ಪ್ರವಾಹವು ೧೯೯೦ರ ದಶಕದಿಂದ ಉತ್ತರ ಕನ್ನಡದ ಕಡೆಗೆ ತಿರುಗಿತು. ಒಂದೊಂದು ಪ್ರಾಂತದ ವಿದ್ಯಾರ್ಥಿಗಳಿಗೆ ‘ಖಂಗ್‌ತ್ಸೆನ್’ ಎಂಬ ಬೇರೆ ಬೇರೆ ವಾಸಗೃಹಗಳುಂಟು. ಹೊಸದಾಗಿ ಬಂದವನು ಮೊದಲು ತನ್ನ ನಾಡಿನವರ ನಡುವೆ ಇಳಿದು, ಅವರ ಮೂಲಕ ಮಠದ ಟಿಬೆಟನ್ ಭಾಷೆಯನ್ನೂ ಕ್ರಮವನ್ನೂ ಕಲಿಯುತ್ತಾನೆ. ವೀರಶರ್ಮನು ಮೊಮ್ಮಗನಿಗೆ ಒಬ್ಬನೇ ಮಾಡಬೇಕಾಗಿದ್ದುದನ್ನು ಇಲ್ಲಿ ಒಂದು ಮನೆಯೇ ಮಾಡುತ್ತದೆ. ಲಡಾಖ್ ಅರುಣಾಚಲಗಳಿಂದ ಬಂದ ಹುಡುಗರು ಭಾರತದ ಪ್ರಜೆಗಳೇ. ಆದರೂ ಮುಂಡಗೋಡಿನ ಪೇಟೆಯ ಕನ್ನಡವು ಅವರಿಗೆ ಮಂಗೋಲನಿಗೆ ಇರುವಷ್ಟೇ ಹೊಸದು. ಮಠದೊಳಗೆ ಟಿಬೆಟನ್, ಅಂಗಡಿಯಲ್ಲಿ ಹಿಂದಿ ಅಥವಾ ನಾಲ್ಕು ಮಾತಿನ ಕನ್ನಡ, ತನ್ನವರೊಡನೆ ತನ್ನ ಭಾಷೆ: ವಿದ್ಯಾರ್ಥಿಯ ದಿನವು ಹೀಗೆ ಭಾಗವಾಗುತ್ತದೆ.

ಓದಿನ ಕ್ರಮವೂ ತಿಳಿಯತಕ್ಕದ್ದು. ಗೆಶೆ ಪದವಿಗೆ ಹದಿನೈದು ಇಪ್ಪತ್ತು ವರ್ಷಗಳು ಬೇಕು. ಮೂಲಗ್ರಂಥಗಳನ್ನು ಕಂಠಪಾಠ ಮಾಡಿ, ಅಂಗಳದಲ್ಲಿ ಕುಳಿತವನನ್ನು ನಿಂತವನು ಪ್ರಶ್ನಿಸುತ್ತ, ಪ್ರತಿ ಪ್ರಶ್ನೆಗೂ ಕೈಯನ್ನು ಕೈಗೆ ಬಡಿದು ವಾದಮಾಡಬೇಕು. ಪಠ್ಯವಾದ ಐದು ಮಹಾಗ್ರಂಥಗಳು ಮೂಲದಲ್ಲಿ ಸಂಸ್ಕೃತದವು; ಅವುಗಳಲ್ಲಿ ವಸುಬಂಧುವಿನ ಅಭಿಧರ್ಮಕೋಶವೂ ಚಂದ್ರಕೀರ್ತಿಯ ಮಧ್ಯಮಕಾವತಾರವೂ ಧರ್ಮಕೀರ್ತಿಯ ಪ್ರಮಾಣವಾರ್ತಿಕವೂ ಸೇರಿವೆ. ಪ್ರಮಾಣವಾರ್ತಿಕವು ದಿಙ್ನಾಗನ ಪ್ರಮಾಣಸಮುಚ್ಚಯದ ವಿವರಣೆ. ಟಿಬೆಟಿನ ಪರಂಪರೆಯ ಮಾತು ನಿಜವಾದರೆ, ಕಾಂಚಿಯ ಸೀಮೆಯವನೊಬ್ಬನ ತರ್ಕವು ಹಿಮಾಲಯವನ್ನು ದಾಟಿ, ಭಾಷೆಯನ್ನು ಬದಲಿಸಿ, ಬನವಾಸಿಯಿಂದ ಸುಮಾರು ೫೦ ಕಿಲೋಮೀಟರು ಉತ್ತರದಲ್ಲಿ ಮಂಗೋಲಿಯದ ಹುಡುಗನ ಬಾಯಲ್ಲಿ ಕೇಳಿಬರುತ್ತಿದೆ.

ಅಂತಪಾಲರು ಇಂದಿಗೂ ಇದ್ದಾರೆ, ಹೆಸರು ಮಾತ್ರ ಬೇರೆ. ಟಿಬೆಟನ್ನರು ನೋಂದಣಿಪತ್ರವನ್ನು ಇಟ್ಟುಕೊಂಡಿರಬೇಕು. ಇತರ ವಿದೇಶೀಯರು ಈ ವಸತಿಯಲ್ಲಿ ತಂಗಲು ಸರಕಾರದಿಂದ ರಕ್ಷಿತಪ್ರದೇಶದ ಅನುಮತಿಯನ್ನು ಪಡೆಯಬೇಕೆಂಬ ನಿಯಮವುಂಟು. ರಾಷ್ಟ್ರವೊಂದು ತನ್ನ ಎಲ್ಲೆಯೊಳಗೆ ಇರುವವರನ್ನು ಅರಿತಿರಬೇಕೆಂಬುದು ನ್ಯಾಯವೇ. ಆದರೆ ಇಪ್ಪತ್ತು ವರ್ಷಗಳ ಓದು ಕೆಲವು ಕಾಲಕ್ಕೊಮ್ಮೆ ಮುಗಿಯುವ ಕಾಗದದ ಮೇಲೆ ನಿಂತಿರುವಾಗ, ತಾಳಗುಂದದ ಪದ್ಯದ ಆ ಪ್ರಶ್ನೆಯು ಹಳೆಯದೆಂದು ತೋರುವುದಿಲ್ಲ.

ಹೀಗಿದ್ದೂ ಓದು ಫಲಿಸಿದ ನಿದರ್ಶನಗಳುಂಟು. ೧೯೭೨ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಲ್ಮಿಕ್ ಕುಟುಂಬದಲ್ಲಿ ಹುಟ್ಟಿದ ತೆಲೋ ತುಳ್ಕು ಅವರು ಬಾಲ್ಯದಲ್ಲಿಯೇ ಗೋಮಾಂಗ್ ಮಠಕ್ಕೆ ಬಂದು ಬೆಳೆದು, ೧೯೯೨ರಲ್ಲಿ ರಷ್ಯಾದ ಕಲ್ಮಿಕಿಯಾದ ಬೌದ್ಧರಿಗೆ ಪ್ರಧಾನರಾದರು. ಅಮೆರಿಕದವರೇ ಆದ ಛಾಯಾಚಿತ್ರಕಾರ ನಿಕೋಲಸ್ ವ್ರೀಲೆಂಡ್ ಅವರು ೧೯೮೫ರಲ್ಲಿ ಮುಂಡಗೋಡಿನ ರಾತೋ ಮಠದಲ್ಲಿ ಓದಲು ತೊಡಗಿ, ೧೯೯೮ರಲ್ಲಿ ಗೆಶೆ ಪದವಿಯನ್ನು ಪಡೆದರು. ೨೦೧೨ರಲ್ಲಿ ಅವರನ್ನು ಅದೇ ಮಠದ ಅಧಿಪತಿಯನ್ನಾಗಿ ನಿಯಮಿಸಲಾಯಿತು.